ನೋವು ಹುಡುಕಲು ಹೊರಟ ದೊರೆ

ಕಂಚಿನಕೋಟೆಯ ದೊರೆ ರಣಮಲ್ಲನಿಗೆ ತನ್ನ ಸೊಂಟದ ಮೇಲೆ ಮಹಾ ಜಂಬ. "ಹುಟ್ಟಿದಾಗಿನಿಂದ ಒಂದು ದಿನವೂ ನೊಂದಿಲ್ಲ ನೋಡಿ!" ಎಂದು ಸಿಂಹಾಸನದಲ್ಲಿ ಕೂತು ಸೊಂಟ ತಟ್ಟಿಕೊಳ್ಳುತ್ತಿದ್ದ. ನೋಯುವುದಾದರೂ ಹೇಗೆ? ಉಂಗುರ ಜಾರಿ ಬಿದ್ದರೆ ಎತ್ತಿಕೊಡಲು ಆಳುಗಳು. ಅದರ ಮೇಲೆ ಆ ಅರಮನೆಯ ಕಟ್ಟಳೆ ಬೇರೆ: ದೊರೆಯ ಎದುರು ಯಾರ ತಲೆಯೂ ದೊರೆಯ ತಲೆಗಿಂತ ಮೇಲಿರಕೂಡದು. ಬಗ್ಗುವ ಕೆಲಸವೆಲ್ಲ ಮಿಕ್ಕವರದು.

ಒಂದು ಬೆಳಗ್ಗೆ ಒಗೆದ ಬಟ್ಟೆ ಬರಲಿಲ್ಲ. ದೋಸೆ ಬರಲಿಲ್ಲ. ಹೊರಗಾದರೂ ಹೋಗೋಣವೆಂದರೆ ಪಲ್ಲಕ್ಕಿ ಮೇಲೇಳಲಿಲ್ಲ.

"ಎಲ್ಲಿ ಹಾಳಾಗಿ ಹೋದರು ಇವರೆಲ್ಲ?"

"ಬಟ್ಟೆ ಒಗೆಯುವ ಚೌಡನಿಗೆ ಸೊಂಟ ಹಿಡಿದಿದೆ ಬುದ್ಧಿ. ಹಿಟ್ಟು ರುಬ್ಬುವ ಸಾತವ್ವನಿಗೂ ಅದೇ. ಪಲ್ಲಕ್ಕಿ ಹೊರುವವರು ಗೋಡೆ ಹಿಡಿದು ನಡೀತಿದ್ದಾರೆ," ಎಂದ ಬೊಮ್ಮಣ್ಣ. ದೊರೆಯ ಎಲೆಯಡಿಕೆ ಚೀಲ ಹಿಡಿಯುವುದು ಅವನ ಕೆಲಸ. ಸಾತವ್ವ ರುಬ್ಬಿದ ಹಿಟ್ಟಿನ ದೋಸೆ ತಿಂದೇ ಬೆಳೆದವನು.

ಆಸ್ಥಾನದ ವೈದ್ಯ ತ್ರಯಂಬಕ ಪಂಡಿತ ಮೀಸೆ ತಿರುವಿದ. "ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ಕಣ್ಣಿಗೆ ಕಾಣದ್ದು ನೋವೇ ಅಲ್ಲ ಪ್ರಭು, ಸೋಮಾರಿತನ!"

"ಹಾಗಾದರೆ ಸಂಜೆಯೊಳಗೆ ಆ ನೋವನ್ನು ನನಗೆ ತೋರಿಸಲಿ," ಎಂದು ದೊರೆ ಗುಡುಗಿದ. "ತೋರಿಸದಿದ್ದರೆ ಎಲ್ಲರೂ ಗಡಿಪಾರು!"

ಈ ವಯಸ್ಸಿನಲ್ಲಿ ಸಾತವ್ವ ಎಲ್ಲಿಗೆ ಹೋದಾಳು? ಬೊಮ್ಮಣ್ಣ ತಲೆ ಕೆರೆದುಕೊಂಡ. "ನಾನು ತೋರಿಸ್ತೀನಿ ಬುದ್ಧಿ. ಆದರೆ ಅದು ಇರೋದು ಅವರವರ ಕೆಲಸದ ಜಾಗದಲ್ಲಿ. ಅವರ ಹಾಗೇ ಬಗ್ಗಿ ಕಾಯಬೇಕು. ನಡುವೆ ನೆಟ್ಟಗಾದಿರೋ, ಓಡಿಹೋಗುತ್ತೆ."

"ಓಹೋ, ಅಷ್ಟೇನಾ? ನಡಿ!"

ದೊರೆ ಹೊರಟ, ಹಿಂದೆ ಇಡೀ ಆಸ್ಥಾನ ಹೊರಟಿತು. ಬೊಮ್ಮಣ್ಣ ಚೀಲದ ಜೊತೆ ಕಂಕುಳಲ್ಲಿ ಒಂದು ಚಾಪೆಯನ್ನೂ ಇಟ್ಟುಕೊಂಡ.

ಒಗೆಯುವ ಕಲ್ಲಿನ ಮೇಲೆ ದೊರೆ ಬಗ್ಗಿದ. ಕಟ್ಟಳೆ ಬಿಡುತ್ತದೆಯೇ? ಮಂತ್ರಿ ಇನ್ನೂ ಬಗ್ಗಿದ. ಪಂಡಿತ ಮಂಡಿಯೂರಿದ. ಸೇನಾಪತಿ ಕಪ್ಪೆಯ ಹಾಗೆ ಕುಕ್ಕರಿಸಿದ.

"ಕಾಣುತ್ತಿಲ್ಲವಲ್ಲೋ!"

"ಒಂದು ಮೂಟೆ ಬಟ್ಟೆ ಒಗೆಯುವಷ್ಟು ಹೊತ್ತು ಬೇಕು ಬುದ್ಧಿ," ಎಂದು ಎಲ್ಲೋ ಕೆಳಗಿನಿಂದ ಬೊಮ್ಮಣ್ಣನ ದನಿ ಬಂತು.

ಅಲ್ಲಿಂದ ಅಡುಗೆಮನೆಯ ರುಬ್ಬುವ ಕಲ್ಲು. ದೊರೆ ಕುಳಿಯೊಳಗೆ ಇಣುಕುತ್ತ ಬಗ್ಗಿಯೇ ಇದ್ದ. ಮಂತ್ರಿಯ ಮೂಗು ನೆಲ ಮುಟ್ಟಿತ್ತು. ಆಮೇಲೆ ಪಲ್ಲಕ್ಕಿ. ದಂಡಿಗೆಗೆ ಹೆಗಲು ಕೊಟ್ಟು ಬಗ್ಗಿದ ದೊರೆ ಇದ್ದಕ್ಕಿದ್ದಂತೆ ಕಿರುಚಿದ.

"ಅಯ್ಯಯ್ಯೋ! ಅಮ್ಮಾ!"

"ಸಿಕ್ಕಿತಾ ಬುದ್ಧಿ? ಎಲ್ಲಿ, ತೋರಿಸಿ!"

"ಇಲ್ಲೇ ಕಣೋ, ಸೊಂಟದಲ್ಲಿ! ನೆಟ್ಟಗಾಗೋಕೆ ಆಗ್ತಿಲ್ಲ!"

"ನನಗೇನೂ ಕಾಣಿಸ್ತಿಲ್ಲವಲ್ಲ. ಪಂಡಿತರೆ, ತಮಗೆ?"

"ಕಾಣೋದಿರಲಿ ಮಾರಾಯಾ, ಮೊದಲು ನನ್ನನ್ನು ಎತ್ತು!" ಎಂದು ಪಂಡಿತ ನೆಲದ ಮೇಲೆ ನರಳಿದ.

"ನನ್ನನ್ನು ಅರಮನೆಗೆ ಹೊತ್ತುಕೊಂಡು ಹೋಗಿ!" ಎಂದ ದೊರೆ.

"ಹೊರುವವರು ಗಡಿಪಾರಿಗೆ ಗಂಟು ಕಟ್ಟುತ್ತಿದ್ದಾರೆ ಬುದ್ಧಿ."

"ಗಂಟು ಬಿಚ್ಚೋಕೆ ಹೇಳೋ! ವಾಸಿಯಾಗುವ ತನಕ ಎಲ್ಲರೂ ಮನೆಯಲ್ಲಿ ಮಲಗಲಿ. ಸಾತವ್ವನಿಗೆ ಅರಮನೆಯ ಎಣ್ಣೆ ಕಳಿಸು!"

ಅಷ್ಟು ಹೇಳಿ ದೊರೆ ಕತ್ತು ಹೊರಳಿಸಿದ. ಬೊಮ್ಮಣ್ಣ ಚಾಪೆಯ ಮೇಲೆ ಕಾಲು ಚಾಚಿ, ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ!

"ಲೇ! ಎಲ್ಲರ ಸೊಂಟವೂ ಹೋಗಿದೆ, ನೀನು ಮಾತ್ರ ಹೀಗೆ?"

"ತಲೆ ತಮ್ಮ ತಲೆಗಿಂತ ಕೆಳಗಿರಬೇಕು ಅಂತ ತಾನೇ ಕಟ್ಟಳೆ? ಬಗ್ಗಲೇಬೇಕು ಅಂತ ಎಲ್ಲಿದೆ ಬುದ್ಧಿ?"

ದೊರೆಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಸೊಂಟ ಕಿತ್ತುಬರುತ್ತದೆ. "ಅಯ್ಯೋ, ನಗಿಸಬೇಡವೋ! ಸ್ವಲ್ಪ ಸರಿ, ನಾನೂ ಮಲಗ್ತೀನಿ."

"ಬೇಡಿ ಬುದ್ಧಿ! ತಾವು ಮಲಗಿದರೆ ನಾವೆಲ್ಲ ಗುಂಡಿಯೊಳಗೆ ಇಳಿಯಬೇಕು. ಗುಂಡಿ ತೋಡುವವನಿಗೂ ಇವತ್ತು ಸೊಂಟ ನೋವು!"

ಕಟ್ಟಳೆ ಅಲ್ಲಿಗೇ ಮುಗಿಯಿತು. ದೊರೆ, ಮಂತ್ರಿ, ಪಂಡಿತ ಎಲ್ಲರೂ ಆ ಒಂದೇ ಚಾಪೆಗೆ ಕಿತ್ತಾಡಿದರು.