ಪಿಳ್ಳಪ್ಪ ನಾಯಿ ಹುಡುಕಿದ್ದು

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಕತೆ ಮುಂದಕ್ಕೆ ಹೋದ ಮೇಲೆ ನಗು ಬರುತ್ತೋ ಇಲ್ಲವೋ ನಾನು ಹೇಳಲಾರೆ.

ಬೆಂಗಳೂರಿನ ಪೇಟೆಯಲ್ಲಿ ಒಂದು ಸಂದಿ, ಸಂದಿಯ ಕೊನೆಗೆ ಒಂದೇ ಕೋಣೆಯ ಮನೆ. ಅಲ್ಲಿ ಹೂವು ಕಟ್ಟುವ ಮುನಿತಾಯಮ್ಮ, ಅವಳ ಮಗ ಪಿಳ್ಳಪ್ಪ, ಅವರ ನಾಯಿ ಮುತ್ತಿ. ಈ ಮೂವರಲ್ಲಿ ಬುದ್ಧಿ ಇದ್ದದ್ದು ಇಬ್ಬರಿಗೆ. ಪಿಳ್ಳಪ್ಪನಿಗೆ ಮೂವತ್ತು ತುಂಬಿತ್ತು, "ಒಲೆ ಹತ್ರ ಕೂತಿರೋ" ಅಂದರೆ ಅನ್ನ ಸೀದು ಕರಕಲಾದರೂ ಕೂತೇ ಇರುತ್ತಿದ್ದ. ಹೇಳಿದ್ದನ್ನು ಮಾಡದ ಮಗ ಇದ್ದರೆ ತಾಯಿ ಅಳುತ್ತಾಳೆ. ಮುನಿತಾಯಮ್ಮ ಹೇಳಿದ್ದನ್ನೆಲ್ಲ ಮಾಡುವ ಮಗನನ್ನು ಹೆತ್ತು ಅಳುತ್ತಿದ್ದಳು.

ಅವಳಿಗೆ ಎರಡು ಕಣ್ಣೂ ಹೋಗಿದ್ದವು. ಹೂವು ಕಟ್ಟುವುದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಆದರೆ ದಿನಾ ಮಾರ್ಕೆಟ್ಟಿಗೆ ಹೋಗಬೇಕಲ್ಲ, ದೊಡ್ಡ ರಸ್ತೆ ದಾಟಬೇಕಲ್ಲ? ಅದಕ್ಕೆ ಮುತ್ತಿ. ಹೂವು ಕಟ್ಟುವ ಬಾಳೆನಾರನ್ನೇ ಮೂರೆಳೆ ಹೆಣೆದು ಹಗ್ಗ ಮಾಡಿ ಅದರ ಕೊರಳಿಗೆ ಕಟ್ಟಿದ್ದಳು. ಹಗ್ಗದ ತುದಿ ಹಿಡಿದರೆ ಸಾಕು, ಬಸ್ಸು ಬಂದರೆ ಮುತ್ತಿ ನಿಲ್ಲುತ್ತಿತ್ತು, ಗುಂಡಿ ಬಂದರೆ ಸುತ್ತಿಕೊಂಡು ಹೋಗುತ್ತಿತ್ತು. ಆರು ವರ್ಷ ಆ ಹಗ್ಗ ಹಿಡಿದೇ ಮುನಿತಾಯಮ್ಮ ಇಬ್ಬರ ಹೊಟ್ಟೆ ಹೊರೆದಿದ್ದಳು.

ಒಂದು ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ನಾಯಿಯನ್ನು ಯಾರಾದರೂ ತುಳಿದಾರು ಅಂತ ಮುನಿತಾಯಮ್ಮ, "ಲೇ ಪಿಳ್ಳ, ಮುತ್ತೀನ ಯಾವುದಾದ್ರೂ ಗಟ್ಟಿಯಾಗಿರೋದಕ್ಕೆ ಕಟ್ಟೋ!" ಅಂದಳು.

ಪಿಳ್ಳಪ್ಪ ಗಟ್ಟಿಯಾದದ್ದು ಹುಡುಕಿದ. ಮರದ ಗೂಟ ಒದ್ದ, ಅಲ್ಲಾಡಿತು. ಬಿದಿರಿನ ಕಂಬ ಒದ್ದ, ಬಾಗಿತು. ಕೋಸು ತಂದ ಲಾರಿ ಒದ್ದ, ಕಾಲು ನೋಯಿತು. ಆಹಾ, ಇದೇ ಗಟ್ಟಿ! ಮುತ್ತಿಯನ್ನು ಎತ್ತಿ ಲಾರಿಗೆ ಹತ್ತಿಸಿ ಮೂರು ಗಂಟು ಹಾಕಿದ.

"ಕಟ್ದೆ ಕಣಮ್ಮೋ! ಲಾರಿಗೆ ಕಟ್ದೆ!"

"ಲಾರಿ ಎಲ್ಲೈತೋ?"

"ಹೋಯ್ತು!"

ಮುನಿತಾಯಮ್ಮ ಎದೆ ಎದೆ ಬಡಿದುಕೊಂಡಳು. "ಅಯ್ಯೋ ಮುಂಡೇದೇ! ಓಡಾಡೋದಕ್ಕೆ ಕಟ್ತಾರೇನೋ? ಅಲ್ಲಾಡದೇ ಇರೋದು ನೋಡ್ಬೇಕು ಕಣೋ, ಅಲ್ಲಾಡದೇ ಇರೋದು!"

"ಆಯ್ತಮ್ಮ, ಇನ್ನು ಅಲ್ಲಾಡದೇ ಇರೋದು," ಅಂದ ಪಿಳ್ಳಪ್ಪ.

ವಾರ ಕಳೆದರೂ ಮುತ್ತಿ ಬರಲಿಲ್ಲ. ಪಕ್ಕದ ಮನೆಯ ನೂರ್‌ಜಾನ್ ಒಳ್ಳೆಯವಳು. ಮುತ್ತಿಯ ಫೋಟೋ ಹಾಕಿಸಿ, "ಮುತ್ತಿ ಕಾಣೆಯಾಗಿದೆ" ಅಂತ ಬರೆಸಿ, ಕೆಳಗೆ ತನ್ನ ಫೋನ್ ನಂಬರು ಕೊಟ್ಟು ನಲವತ್ತು ಚೀಟಿ ಮಾಡಿಸಿದಳು. ಪಿಳ್ಳಪ್ಪ ಗೋಂದಿನ ಡಬ್ಬಿ ಹಿಡಿದು ಹೊರಟ. ಅಂಗಡಿಯ ಶಟರ್ ಬಾಗಿಲಿಗೆ ಅಂಟಿಸೋಣ ಅಂದರೆ ಯಜಮಾನ ಅದನ್ನು ಸರ್ರನೆ ಮೇಲೆತ್ತಿದ. ಲೈಟುಕಂಬಕ್ಕೆ ಅಂಟಿಸೋಣ ಅಂದರೆ ಬಸ್ಸು ಹೋದಾಗ ಅದೂ ನಡುಗಿತು. ಗೋಡೆಗೆ ಕೈಯಿಟ್ಟ, ಪಕ್ಕದಲ್ಲಿ ಮೆಟ್ರೋ ಹೋಯಿತು, ಗೋಡೆಯೂ ಗಡಗಡ ಅಂದಿತು. ಇಂಥಾ ದೊಡ್ಡ ಊರಿನಲ್ಲಿ ಅಲ್ಲಾಡದ ಒಂದು ವಸ್ತುವೂ ಇಲ್ಲವಲ್ಲ ಅಂತ ಅವನಿಗೆ ಅಳು ಬಂತು. ಸಾಯಂಕಾಲ ಮೂವತ್ತೊಂಬತ್ತು ಚೀಟಿ ವಾಪಸು ತಂದ.

"ಒಂದೇ ಒಂದು ಸಿಕ್ತು ಕಣಮ್ಮ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಒಬ್ಬ ತಾತ. ಎಷ್ಟೊತ್ತು ನೋಡಿದ್ರೂ ಅಲ್ಲಾಡ್ಲಿಲ್ಲ. ಎದೆಗೇ ಅಂಟಿಸ್ದೆ."

ಅಷ್ಟರಲ್ಲಿ ನೂರ್‌ಜಾನ್ ಓಡಿ ಬಂದಳು. "ಮುನಿತಾಯಕ್ಕಾ, ಪೊಲೀಸ್ನೋರು ಫೋನ್ ಮಾಡೌರೆ! ಹೆಣದ ಮೇಲೆ ನನ್ನ ನಂಬರ್ ಐತಂತೆ! ಮುತ್ತಿ ಅಂದ್ರೆ ಆ ಮುದುಕನೇನಾ ಅಂತ ಕೇಳ್ತಾವ್ರೆ!"

ಆ ಮುದುಕನನ್ನು ಕೇಳಿಕೊಂಡು ಯಾರೂ ಬರಲಿಲ್ಲವಂತೆ. ಊರು ಅಷ್ಟು ದೊಡ್ಡದು, ಪಾಪ. ಮುತ್ತಿಯ ಹೆಸರು ಎದೆಯ ಮೇಲಿಟ್ಟುಕೊಂಡೇ ಮಣ್ಣಿಗೆ ಹೋದ.

"ಪಾಪಿ! ಸತ್ತೋರನ್ನ ಯಾಕೋ ಮುಟ್ಟಿದೆ?" ಮುನಿತಾಯಮ್ಮ ಬೈದಳು. "ಜೀವ ಇರೋದನ್ನ ನೋಡೋ! ಬೀದಿ ಬೀದೀಲಿ ಮುತ್ತೀ ಅಂತ ಕೂಗು. ಬಾಲ ಆಡಿಸ್ಕೊಂಡು ಬಂದ್ರೆ ಮನೆಗೆ ಕರ್ಕೊಂಡು ಬಾ!"

"ಆಯ್ತಮ್ಮ, ಬಾಲ ಆಡಿಸ್ಕೊಂಡು ಬಂದ್ರೆ ಮನೆಗೆ."

ಮಾರನೇ ದಿನ ಪಿಳ್ಳಪ್ಪ ಕೈಯಲ್ಲೊಂದು ಬನ್ನು ಹಿಡಿದು ಬೀದಿ ಬೀದಿ ಕೂಗಿದ. "ಮುತ್ತೀ! ಮುತ್ತೀ!" ಕರಿಯದು ಬಂತು, ಬಾಲ ಆಡಿಸಿತು. ಕೆಂಚನೆಯದು ಬಂತು, ಬಾಲ ಆಡಿಸಿತು. ಕಜ್ಜಿ ಹಿಡಿದದ್ದು, ಕಿವಿ ಹರಿದದ್ದು, ಮೂರು ಕಾಲಿನದು, ಎಲ್ಲವೂ ಬಂದವು, ಎಲ್ಲವೂ ಬಾಲ ಆಡಿಸಿದವು. ಹನ್ನೊಂದು ನಾಯಿ ಮನೆಯೊಳಗೆ ಬಿಟ್ಟು, "ಅಮ್ಮೋ, ಮುತ್ತಿ ಬಂತು!" ಅಂದ.

ಬಂತು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಸಾಕು. ಕಣ್ಣಿಲ್ಲದ ಆ ತಾಯಿ ಎರಡು ಕೈ ಚಾಚಿ, "ಬಂದ್ಯಾ ನನ್ನವ್ವಾ!" ಅಂತ ತಬ್ಬಿಕೊಳ್ಳಲು ಹೋದಳು. ಕೆಂಚ ನಾಯಿ ಬಲಗೈಗೆ ಬಾಯಿ ಹಾಕಿತು. ಹೂವು ಕಟ್ಟುವ ಬೆರಳು ರಕ್ತವಾಯಿತು.

ಬೀದಿಯವರು ದೊಣ್ಣೆ ತಂದು ನಾಯಿಗಳನ್ನು ಓಡಿಸಿದರು. ನೂರ್‌ಜಾನ್ ಕೈಗೆ ಬಟ್ಟೆ ಸುತ್ತಿ, ಸೂಜಿ ಹಾಕಿಸಲು ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಮುನಿತಾಯಮ್ಮ ಹೊಸ್ತಿಲಲ್ಲಿ ನಿಂತು ಕಿರುಚಿದಳು. "ಕಂಡ ಕಂಡ ನಾಯಿಗೆಲ್ಲ ಬಾಗ್ಲು ತೆಗೀತೀಯೇನೋ? ಚಿಲಕ ಹಾಕ್ಕೋ! ಇನ್ನು ಯಾವ ನಾಯಿ ಬಂದು ಗೀರಿದ್ರೂ ತೆಗೆದ್ಯೋ, ನೀನು ನನ್ನ ಮಗನೇ ಅಲ್ಲ!"

"ಆಯ್ತಮ್ಮ, ಯಾವ ನಾಯಿ ಬಂದ್ರೂ ತೆಗೆಯಲ್ಲ."

ಮಧ್ಯಾಹ್ನ ಬಾಗಿಲು ಗೀರಿದ ಸದ್ದಾಯಿತು. ಪಿಳ್ಳಪ್ಪ ಕಿಟಕಿಯಿಂದ ನೋಡಿದ. ಮುತ್ತಿ! ಕೊರಳಲ್ಲಿ ಕಡಿದುಕೊಂಡ ಹಗ್ಗ, ಪಾದವೆಲ್ಲ ಹುಣ್ಣು, ಮೂಳೆ ಎಣಿಸಬಹುದು. ಎಷ್ಟು ದೂರದಿಂದ ನಡೆದಿತ್ತೋ. ಪಿಳ್ಳಪ್ಪನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಚಿಲಕಕ್ಕೆ ಕೈಹಾಕಿದ. ತೆಗೆದ.

"ಇಲ್ಲ ಮುತ್ತಿ. ನೀನೂ ನಾಯಿನೇ ಅಲ್ವಾ?" ಅಂದು ಮತ್ತೆ ಹಾಕಿದ.

ಮುತ್ತಿ ಗೀರಿತು, ಕುಂಯ್‌ಗುಟ್ಟಿತು, ಮತ್ತೆ ಗೀರಿತು. ಪಿಳ್ಳಪ್ಪ ಬಾಗಿಲ ಈಚೆ ಕೂತು, "ಅಳಬೇಡ ಕಣೇ, ಅಮ್ಮ ಬೈತಾಳೆ," ಅಂತ ಸಮಾಧಾನ ಮಾಡುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ಆಸ್ಪತ್ರೆಯಿಂದ ಬಂದ ಮುನಿತಾಯಮ್ಮ ಎಡಗೈಯಿಂದ ಬಾಗಿಲು ತಡಕಿದಳು. ಹಲಗೆಯ ಕೆಳಗಡೆ ಹೊಸ ಗೀರುಗಳು, ಸಿಬಿರು ಎದ್ದಿದೆ. ಇನ್ನೂ ಕೆಳಗೆ ತಡಕಿದಳು. ಹೊಸ್ತಿಲ ಮೊಳೆಗೆ ಸಿಕ್ಕಿ ಒಂದು ಗೇಣು ಬಾಳೆನಾರು. ಮೂರೆಳೆ.

"ಪಿಳ್ಳ... ಯಾರೋ ಬಂದಿದ್ದು?"

"ನಮ್ಮ ಮುತ್ತಿ ಕಣಮ್ಮ! ತೆಗೀಲೇ ಇಲ್ಲ ನಾನು!" ಅಂದ ಪಿಳ್ಳಪ್ಪ, ಚಿಲಕ ತೆಗೆಯುತ್ತಾ.

ಮುನಿತಾಯಮ್ಮ ಬೈಯಲಿಲ್ಲ. ಆ ನಾರನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಬಂದಳು, ಚಾಪೆಯ ಮೇಲೆ ಬಿದ್ದುಕೊಂಡಳು. ಆಮೇಲೆ ಜ್ವರ ಬಂದು ಮಾತು ನಿಂತಿತು. ನೂರ್‌ಜಾನ್ ಬೀದಿಯೆಲ್ಲ ಹುಡುಕಿ ಬರಿಗೈಯಲ್ಲಿ ಬಂದಳು.

ಪಿಳ್ಳಪ್ಪ ಅಮ್ಮನ ಕಾಲ ಬಳಿ ಕೂತು ಕಾದ. ಬೈಗುಳ ಬರಲಿಲ್ಲ, ಹೊಸ ಬುದ್ಧಿಮಾತೂ ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಬೈಸಿಕೊಳ್ಳದ ಕೆಲಸ ಮಾಡಿದೆನಲ್ಲ ಅಂತ ಅವನಿಗೆ ಹೆಮ್ಮೆಯಾಯಿತು.

ಮಾರನೇ ಬೆಳಗ್ಗೆ ಬಾಗಿಲು ಮತ್ತೆ ಗೀರಿದ ಸದ್ದಾಯಿತು, ಮೆಲ್ಲಗೆ. ಚಾಪೆಯ ಮೇಲೆ ಅಮ್ಮನಿಗೆ ಎಚ್ಚರವಿರಲಿಲ್ಲ. ಪಿಳ್ಳಪ್ಪ ಎದ್ದು ಚಿಲಕ ನೋಡಿದ, ಸರಿಯಾಗಿ ಬಿದ್ದಿತ್ತು. ಆದರೂ ಇರಲಿ ಅಂತ ಒರಳುಕಲ್ಲು ಉರುಳಿಸಿ ತಂದು ಬಾಗಿಲಿಗೆ ಅಡ್ಡ ಇಟ್ಟ.