ಕೀಸಿದ ಮೇಜು

ಹೊಳೆದಂಡೆಯ ಆ ಆಶ್ರಮದಲ್ಲಿ ಊಟಕ್ಕೆ ಇದ್ದದ್ದು ಒಂದೇ ಮೇಜು. ಯಾವುದೋ ತೋಟದ ಮನೆಯಲ್ಲಿ ಮೂರು ತಲೆಮಾರಿನ ಆಳುಕಾಳುಗಳು ಕೂತು ಉಂಡ ಸಾಗವಾನಿ ಮೇಜು. ಇಪ್ಪತ್ತು ಮಂದಿ ಕೂರುವಷ್ಟು ಉದ್ದ. ತೋಟದವರು ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಗುರುಗಳಿಗೆ ಕೊಟ್ಟಿದ್ದರು.

ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಶಿಷ್ಯ ಮೌನೇಶ ಬಡಿಗರ ಮಗ. ಬಡಿಸುವ ಸೇವೆ ಅವನದು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಾವಿ ಉಟ್ಟರೂ ಹೋಗದು. ಮೇಜಿನ ಗೀರು, ಬಿಸಿ ಪಾತ್ರೆ ಸುಟ್ಟ ಕಲೆ, ಅಂಚಿನ ಕಚ್ಚುಗಳನ್ನು ಕಂಡಾಗಲೆಲ್ಲ ಮೌನೇಶನ ಕೈ ತುರಿಸುತ್ತಿತ್ತು. ಇಂಥ ಮರವನ್ನು ಹೀಗಿಡುವುದೇ ಎಂದು ಒಳಗೊಳಗೇ ಕುದಿಯುತ್ತಿದ್ದ.

ಒಂದು ದಿನ ಅಜ್ಜಾರು ಪಕ್ಕದೂರಿಗೆ ಹೊರಟರು. ಮರುದಿನ ಊಟದ ಹೊತ್ತಿಗೆ ಬರುವುದಾಗಿ ಹೇಳಿದರು.

ಮಧ್ಯಾಹ್ನದ ಊಟ ಮುಗಿದದ್ದೇ ತಡ, ಮೌನೇಶ ಮರ ನುಣುಪು ಮಾಡುವ ಕೀಸುಳಿ ಹಿಡಿದ. ಕತ್ತಲಾಗುವವರೆಗೂ ಕೀಸಿದ. ಬೆಳಿಗ್ಗೆ ಎದ್ದು ಅಂಚು ಸಮ ಮಾಡಿ ಎಣ್ಣೆ ತಿಕ್ಕಿದ. ಮೇಜು ಮದುಮಗಳಂತೆ ಹೊಳೆಯಿತು.

ಅಜ್ಜಾರು ಬಂದರು. ಮೇಜನ್ನು ನೋಡಿದರು. ಊಟಕ್ಕೆ ಬಂದವರ ನಡುವೆ ಕೂತರು. ಹೊಗಳಿಕೆ ಊಟವಾದ ಮೇಲೆ ಬರಬಹುದು ಎಂದುಕೊಂಡು ಮೌನೇಶ ರೊಟ್ಟಿ ಬಡಿಸತೊಡಗಿದ.

ಆಗ ನೀಲವ್ವ ಬಂದಳು. ಎರಡೂ ಕಣ್ಣಿಲ್ಲದ ಮುದುಕಿ. ದಿನಕ್ಕೆ ಅವಳಿಗೆ ಇದೊಂದೇ ಊಟ. ಉಳಿದವರು ಇವತ್ತು ಬಂದು ನಾಳೆ ಹೋಗುವ ದಾರಿಹೋಕರು. ದಿನವೂ ಬರುವವಳು ಇವಳೊಬ್ಬಳೇ. ಯಾರೂ ಅವಳ ಕೈ ಹಿಡಿದು ಕೂರಿಸಿದ್ದಿಲ್ಲ, ಅವಳು ಕೂರಿಸಗೊಟ್ಟದ್ದೂ ಇಲ್ಲ.

ನೀಲವ್ವ ಮೇಜಿನ ಅಂಚಿಗೆ ಬೆರಳಿಟ್ಟು ನಡೆದಳು. ಆ ತುದಿಗೆ ಹೋದಳು. ತಿರುಗಿ ಈ ತುದಿಗೆ ಬಂದಳು. ಮತ್ತೆ ಹೋದಳು. ಉಣ್ಣುವವರ ಕೈ ನಿಂತಿತು.

"ಅಜ್ಜಾರ, ನನ್ನ ಜಾಗಾ ಯಾರಿಗೆ ಕೊಟ್ರಿ?"

ಮೌನೇಶ ಮೇಜಿನ ಕಡೆ ತಿರುಗಿದ. ನಿನ್ನೆಯವರೆಗೆ ಅಂಚಿನುದ್ದಕ್ಕೂ ಹತ್ತಾರು ಕಚ್ಚುಗಳಿದ್ದವು. ಕುಡುಗೋಲು ತಾಗಿದ್ದು, ಇಳಿಗೆ ತಾಗಿದ್ದು, ಯಾವ ಕಾಲದವೋ ಏನೋ. ಅವುಗಳಲ್ಲಿ ಒಂದು ನೀಲವ್ವನ ಜಾಗದ ಗುರುತಾಗಿತ್ತು. ಅದು ಅವನಿಗೆ ಗೊತ್ತಾದದ್ದು ಈಗ.

ಅವನು ಓಡಿಹೋಗಿ ಅವಳ ಕೈ ಹಿಡಿದ. ಸಿಕ್ಕ ತೆರವಿನಲ್ಲಿ ಕೂರಿಸಿ, ಇದೇ ನಿನ್ನ ಜಾಗ ಎಂದ. ನೀಲವ್ವ ಎದುರಿನ ಅಂಚನ್ನು ಸವರಿದಳು. ಮತ್ತೊಮ್ಮೆ ಸವರಿದಳು. ಆಮೇಲೆ ಎದ್ದಳು.

"ಸುಳ್ಳು ಹೇಳಬ್ಯಾಡೋ ತಮ್ಮಾ. ಬರಬ್ಯಾಡ ಅನ್ನೂದಿದ್ರ ಬಾಯಿಬಿಟ್ಟು ಹೇಳ್ರಿ. ಹಿಂಗ ಯಾಕ ಮಾಡ್ತೀರಿ?"

ಅವಳು ಕೋಲು ಊರುತ್ತಾ ಹೊರಟುಹೋದಳು. ಎಷ್ಟು ಕರೆದರೂ ತಿರುಗಲಿಲ್ಲ. ಮೌನೇಶ ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದ. ಒಬ್ಬ ಮುದುಕಿಯನ್ನು ಉಪವಾಸ ಕಳಿಸಿದೆನಲ್ಲಾ ಎಂದುಕೊಂಡ.

ಅಜ್ಜಾರು ಮುಟ್ಟದ ತಾಟನ್ನು ಪಕ್ಕಕ್ಕೆ ಸರಿಸಿದರು. ಎದ್ದು ಹೋಗಿ ಮೌನೇಶನ ಚೀಲದಿಂದ ಉಳಿ, ಕೊಡತಿ ತಂದು ಅವನ ಮುಂದಿಟ್ಟರು.

"ಕೆತ್ತು."

ಮೌನೇಶನಿಗೆ ಹೋದ ಜೀವ ಬಂದಂತಾಯಿತು. ಒಂದು ಕಚ್ಚು ಹಾಕಲು ಎಷ್ಟು ಹೊತ್ತು? ಕೆತ್ತಿ, ಓಡಿಹೋಗಿ, ಕಾಲಿಗೆ ಬಿದ್ದು ಕರೆತರುತ್ತೇನೆ ಎಂದ. ಉಳಿ ಎತ್ತಿಕೊಂಡ.

ಅಂಚಿನ ಮುಂದೆ ಬಗ್ಗಿದ. ಎರಡು ಹೆಜ್ಜೆ ಬಲಕ್ಕೆ ಸರಿದ. ಮತ್ತೆ ಎಡಕ್ಕೆ ಬಂದ. ಆ ತುದಿಯಿಂದ ಈ ತುದಿಯವರೆಗೆ ಎಲ್ಲಾ ಒಂದೇ ನುಣುಪು.

"ಅಜ್ಜಾರ, ಆಕಿ ಎಲ್ಲಿ ಕುಂಡ್ರತಿದ್ಲು?"

ಅಜ್ಜಾರು ಅವನ ಮುಖವನ್ನೇ ನೋಡಿದರು.

"ಮೂರು ವರ್ಷ ಆತು, ಆಕಿಗೆ ದಿನಾ ಬಡಸಾಂವ ನೀನು. ನನ್ನ ಕೇಳ್ತೀಯೇನು?"