ಬಾಣಂತಿಕೆರೆ

ನೀರಗೊಪ್ಪದ ಊರ ಹೊರಗಿನ ಕೆರೆಯ ನಡುವೆ ಜಾಲಿಮರಗಳಿವೆ. ಸಂಕ್ರಾಂತಿ ಕಳೆದ ಮೇಲೆ ದೂರದಿಂದ ಬರುವ ಕೊಕ್ಕರೆಗಳು ಅವುಗಳ ಮೇಲೆ ಗೂಡು ಕಟ್ಟಿ, ಚೈತ್ರದ ಬಿಸಿಲಲ್ಲಿ ಮರಿಗಳಿಗೆ ರೆಕ್ಕೆ ಹರಡಿ ನೆರಳು ಹಿಡಿಯುತ್ತವೆ. ನೋಡಲು ಬಂದವರು ಬಾಣಂತಿಕೆರೆ ಎಂಬ ಹೆಸರು ಕೇಳಿದೊಡನೆ, ಬಾಣಂತಿ ಮುಳುಗಿ ಸತ್ತದ್ದು ಯಾವ ಕಡೆ ಎಂದು ಕ್ಯಾಮೆರಾ ತಿರುಗಿಸುತ್ತಾರೆ. ಇಲ್ಲಿ ಯಾರೂ ಮುಳುಗಿ ಸತ್ತಿಲ್ಲ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ನಡೆದದ್ದು ಅದಕ್ಕಿಂತ ಸಂಕಟದ ಸಂಗತಿ.

ಹಿಂದೆ ಒಮ್ಮೆ ಈ ಊರಿಗೆ ಬೂದ್ಯಪ್ಪ ಎಂಬ ಯಜಮಾನನಿದ್ದ. ಕೆರೆಬೇಟೆಯ ದಿನ ಗೊತ್ತುಮಾಡುವ ಹಕ್ಕು ಅವನದು. ಆ ದಿನ ಸುತ್ತಲ ಹಳ್ಳಿಗಳ ಜನ ಬುಟ್ಟಿಯಂಥ ಬಿದಿರಿನ ಕೂಣಿಗಳನ್ನು ಹಿಡಿದು ಏರಿಯ ಮೇಲೆ ನಿಲ್ಲುತ್ತಿದ್ದರು. ಡೊಳ್ಳು ಬಾರಿಸಿದೊಡನೆ ಒಟ್ಟಿಗೆ ನೀರಿಗೆ ನುಗ್ಗಿ ಮೀನು ಹಿಡಿಯುತ್ತಿದ್ದರು. ಹಕ್ಕಿಗಳು ಮರಿಗಳೊಂದಿಗೆ ಹಾರಿಹೋದ ಮೇಲೆಯೇ ಬೇಟೆ ಎಂಬುದು ರೂಢಿ. ಒಂದು ವರ್ಷ ಅವನ ಮಗಳು ಗುತ್ಯಮ್ಮ ಹೆರಿಗೆಗೆ ತವರಿಗೆ ಬಂದು ಹೆಣ್ಣುಮಗುವನ್ನು ಹೆತ್ತಳು. ತೊಟ್ಟಿಲಿಗೆ ಬರುವ ಬೀಗರಿಗೆ ಮೀನಿನೂಟ ಹಾಕಬೇಕೆಂಬ ಹುಮ್ಮಸ್ಸಿನಲ್ಲಿ ಬೂದ್ಯಪ್ಪ ಚೈತ್ರದಲ್ಲೇ ಬೇಟೆ ಎಂದು ಡಂಗುರ ಹೊಡೆಸಿಬಿಟ್ಟ. ಮೊಮ್ಮಗಳ ಮೇಲಿನ ಪ್ರೀತಿ ಅವನ ಕಣ್ಣು ಕಟ್ಟಿತ್ತು.

ಕೆರೆಗೆ ಎದುರಾಗಿದ್ದ ಬಾಣಂತಿ ಕೋಣೆಯ ಕಿಟಕಿಯಿಂದ ಗುತ್ಯಮ್ಮ ದಿನವೂ ಗೂಡುಗಳನ್ನು ನೋಡುತ್ತಿದ್ದಳು. “ಅಪ್ಪಯ್ಯ, ಮರಿಗಳಿಗೆ ಇನ್ನೂ ರೆಕ್ಕೆ ಬಲ್ತಿಲ್ಲ. ಜನ ನೀರಿಗೆ ಬಿದ್ರೆ ತಾಯಿಗಳು ಹೆದರಿ ಹಾರಿಹೋಗ್ತವೆ. ಮರಿಗಳು ಬಿಸ್ಲಿಗೇ ಸಾಯ್ತವೆ. ಸ್ವಲ್ಪ ತಡಿ,” ಎಂದು ಬೇಡಿಕೊಂಡಳು. “ಹತ್ತೂರಿಗೆ ಸಾರ್ಸಾಗೇತಿ. ಬಂದೋರನ್ನ ಬರಿಗೈಲಿ ಕಳ್ಸಿದ್ರೆ ನನ್ನ ಮುಖ ಎಲ್ಲಿಡ್ಲಿ? ನಿನ್ ಮಗಳ ತೊಟ್ಲಿಗೇ ಅಲ್ವೇನೆ ಈ ಬ್ಯಾಟೆ? ಒಳಗೆ ಬೆಚ್ಚಗೆ ಮಲ್ಕ,” ಎಂದ ಬೂದ್ಯಪ್ಪ.

ಬೇಟೆಯ ಬೆಳಿಗ್ಗೆ ಜನ ಏರಿಯ ತುಂಬ ನೆರೆದಿದ್ದರು. ಡೊಳ್ಳಿನ ಮೇಲೆ ಕೋಲು ಬೀಳುವ ಮೊದಲೇ ಗುತ್ಯಮ್ಮ ಮಗುವನ್ನು ತಾಯಿಯ ಮಡಿಲಿಗೆ ಹಾಕಿ, ತಲೆಗೆ ಕಟ್ಟಿದ ಬಟ್ಟೆಯಲ್ಲೇ ಬಂದು ಎದೆಮಟ್ಟದ ನೀರಿಗೆ ಇಳಿದು ನಿಂತಳು. ಗಂಗೆಪೂಜೆ ಆಗುವವರೆಗೆ ಬಾಣಂತಿ ಬಾವಿ, ಕೆರೆ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಆ ನೀರೆಲ್ಲ ಮೈಲಿಗೆ. ಜನ ಕೂಣಿ ಹೊತ್ತು ಹಿಂದೆ ಸರಿದರು. ಅವಳ ಮಾತಿಗೆ ಕಿವಿಗೊಡದವರು ಅವಳ ಮೈಲಿಗೆಗೆ ಹೆದರಿದರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೊನೆಯ ಮನುಷ್ಯ ಏರಿಯಿಂದ ಇಳಿದುಹೋಗುವವರೆಗೂ ಅವಳು ನೀರಿನಿಂದ ಮೇಲೆ ಬರಲಿಲ್ಲ ಎನ್ನುತ್ತಾರೆ.

ಹಸಿಮೈಗೆ ತಣ್ಣೀರು ತಾಗಿ ಅಂದೇ ಸಂಜೆ ಸನ್ನಿ ಏರಿತು. ಕಷಾಯ, ಕಾಸಿದ ಇಟ್ಟಿಗೆಯ ಶಾಖ ಯಾವುದೂ ನಾಟಲಿಲ್ಲ. ಮರಿಗಳು ಗೂಡು ಬಿಟ್ಟು ಕೊಂಬೆಗೆ ಬರುವ ಮುಂಚೆಯೇ ಗುತ್ಯಮ್ಮ ತೀರಿಕೊಂಡಳು. ಸೂತಕ ಕಳೆದ ಮೇಲೆ ಕೆರೆಯನ್ನು ಶುದ್ಧಮಾಡಲು ಪೂಜಾರಿ ತೀರ್ಥದ ತಂಬಿಗೆಯೊಂದಿಗೆ ಬಂದ. ಬೂದ್ಯಪ್ಪ ಮೊಮ್ಮಗಳನ್ನು ಎತ್ತಿಕೊಂಡು ಏರಿಗೆ ಅಡ್ಡಲಾಗಿ ಕೂತಿದ್ದ. “ನನ್ನ ಮಗಳು ಇಳಿದ ನೀರು. ಇದನ್ನ ಯಾರೂ ಶುದ್ಧ ಮಾಡೋದು ಬ್ಯಾಡ,” ಎಂದ. ಪೂಜಾರಿ ತಂಬಿಗೆಯೊಂದಿಗೇ ಹಿಂದಿರುಗಿದ.

ಆ ಶುದ್ಧಿ ಇಂದಿಗೂ ಆಗಿಲ್ಲ. ಇಲ್ಲಿ ಬೇಟೆಯೂ ನಡೆಯುವುದಿಲ್ಲ. ಚೈತ್ರದಲ್ಲಿ ಬಂದವರು ಹಕ್ಕಿಗಳ ಜೊತೆಗೆ ಇನ್ನೊಂದನ್ನೂ ಕಾಣಬಹುದು. ತಲೆಗೆ ಬಟ್ಟೆ ಕಟ್ಟಿದ ಹಸಿಬಾಣಂತಿಯರು ತಾಯಿಯ ಕೈ ಹಿಡಿದು ಬಂದು, ಬೊಗಸೆ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡು, ಅಂಚಿನಿಂದಲೇ ಮರಳುತ್ತಾರೆ. ಗಂಗೆಪೂಜೆಗೆ ಮುಂಚೆ ಅವರು ಮುಟ್ಟಬಹುದಾದ ನೀರು ಈ ಸೀಮೆಯಲ್ಲಿ ಇದೊಂದೇ.